ಅಳತೆ ತೆಗೆಯುವಷ್ಟರಲ್ಲಿ

ಡರ್ಬನ್ನಿನ ಏಳನೇ ಮಹಡಿಯಲ್ಲಿ ಆಕೆ ನನಗೆ
ಬರೀ ಒಂದು ಅಂಕಿ: ಇನ್ನೂರ ಎಪ್ಪತ್ತಾರು.
ಆರು ವರ್ಷ, ಹತ್ತೊಂಬತ್ತು ಸಲ
ತೋಳು ಚಾಚಿ ಕೊಟ್ಟ ರಕ್ತ
ಹೋವಿಕ್ ಕ್ಲಿನಿಕ್ಕಿನಿಂದ ಐಸಿನ ಪೆಟ್ಟಿಗೆಯಲ್ಲಿ ಬೆಟ್ಟ ಇಳಿದು
ನನ್ನ ಪರದೆಯ ಮೇಲೆ ಸಾಲುಸಾಲಾಗಿ ಹರಿಯುತ್ತದೆ.
ನಾಲ್ಕೇ ಅಕ್ಷರ. ನಲವತ್ತು ಲಕ್ಷ ಸಾಲು.

ಓದುವುದೆಂದರೆ ಮೊದಲು ಗುಡಿಸುವುದು.
ಒಂದೇ ಸಲ ಕಂಡದ್ದು ಯಂತ್ರದ ತೊದಲು, ತೆಗೆ.
ಎರಡು ಸಲ ಕಂಡರೆ ಇರಲಿ.
ಉಳಿದವರಲ್ಲಿ ಯಾರು ಯಾರ ಸಂತಾನ ಎಂದು ಕೇಳು.
ಒಂದೊಂದು ಪ್ರತಿಕಾಯವೂ ತುಂಡುಗಳನ್ನು ಕೂಡಿಸಿ ಮಾಡಿದ್ದು;
ಕೂಡಿದ ಕಡೆ ಮೈ ತನಗೆ ತೋಚಿದ ಅಕ್ಷರ ತುರುಕುತ್ತದೆ,
ಯಾರ ಅಪ್ಪಣೆಯೂ ಇಲ್ಲದೆ.
ಆ ಬೆಸುಗೆಯೇ ಗುರುತು. ಅದು ಹೊಂದಿದರೆ ಒಂದೇ ಕುಲ.

ಸೋಮವಾರ ನಾಲ್ಕಕ್ಕೆ ಕರೆಂಟು ಹೋಯಿತು.
ಜನರೇಟರು ಕೆಮ್ಮಿ ಏಳುವ ಮುನ್ನ
ಹನ್ನೊಂದು ಗಂಟೆಯ ಲೆಕ್ಕ ಸತ್ತಿತು.
ಮತ್ತೆ ಮೊದಲಿಂದ.
ಬುಧವಾರ ಬೆಳಗ್ಗೆ ಒಂದು ಮರ ನಿಂತಿತ್ತು:
ಬುಡದಲ್ಲಿ ಏನೂ ಅರಿಯದ ಒಂದು ಕೋಶ,
ತುದಿಯಲ್ಲಿ, ತಿದ್ದಿ ತಿದ್ದಿ ಆರು ವರ್ಷ ಸವೆಸಿ,
ನಾವು ಒಡ್ಡಿದ ಎಪ್ಪತ್ತು ವೈರಸ್ಸಿನಲ್ಲಿ
ಐವತ್ತೆಂಟನ್ನು ಹಿಡಿದು ನಿಲ್ಲಿಸುವ ಪ್ರತಿಕಾಯ.
ನಡುವೆ ಒಂದು ಕೊಂಬೆ ಮಾತ್ರ ಉದ್ದ, ಗೆಣ್ಣೇ ಇಲ್ಲ.
ಮೂರನೇ ವರ್ಷದ ಜನವರಿ.
ನರ್ಸ್ ಹ್ಲೆಂಗಿವೆ ಬರೆದದ್ದು ಒಂದೇ ಪದ: ಗೈರು.

ವರ್ಷಕ್ಕೊಮ್ಮೆ ನಾವೇ ಬೆಟ್ಟ ಹತ್ತಿ ಹೋಗಿ ಹೇಳಬೇಕು,
ಕೊಟ್ಟವರಿಗೆ, ಕೊಟ್ಟದ್ದು ಏನಾಯಿತು ಎಂದು.
ಚರ್ಚಿನ ಹಿಂದಿನ ಕೋಣೆ. ಗೋಡೆಯ ಮೇಲೆ ಮರ,
ಮರದ ಕೆಳಗೆ ಅಂಕಿ. ಹೆಸರು ಹೇಳುವಂತಿಲ್ಲ.
ಪ್ರತಿಕಾಯಕ್ಕೆ ನಮ್ಮ ಜುಲುವಿನಲ್ಲಿ
ಮೈಯ ಸಿಪಾಯಿಗಳು ಎನ್ನುತ್ತೇವೆ. ಹಾಗೇ ಅಂದೆ.
ಐವತ್ತೆಂಟು ಎಂದೆ. ಚಪ್ಪಾಳೆ.
ಹಿಡಿಯದೆ ಬಿಟ್ಟದ್ದರಲ್ಲಿ ಒಂದು
ಆಕೆಯ ಸ್ವಂತ ಮೈಯಲ್ಲಿದ್ದದ್ದೇ ಎಂದೆ.
ಚಪ್ಪಾಳೆ ನಿಂತಿತು.

ಮೂರನೇ ಬೆಂಚಿನಿಂದ ಒಂದು ಕೈ ಎದ್ದಿತು.
"ಆ ಅಂಕಿ ನನ್ನದು," ಎಂದಳು ಮಾಜೋಂಡಿ.
ಹ್ಲೆಂಗಿವೆ ಅರ್ಧ ಎದ್ದಳು, ಕೂತಳು.

"ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು ನಾನು.
ನವೆಂಬರಿನಲ್ಲಿ ಅಳತೆ, ಜನವರಿಯಲ್ಲಿ ಬಟ್ಟೆ,
ಅಷ್ಟರಲ್ಲಿ ಮಗು ಎರಡು ಬೆರಳು ಬೆಳೆದಿರುತ್ತೆ.
ಬಿಚ್ಚು, ಅಂಚು ಬಿಡು, ಮತ್ತೆ ಹೊಲಿ;
ಅದು ಮತ್ತೆ ಬೆಳೆಯುತ್ತೆ.
ಕೊನೆಗೆ ಆ ಬಟ್ಟೆ ಬೀದಿ ಮಕ್ಕಳಿಗೆಲ್ಲ ಆಗುತ್ತೆ,
ಅಳತೆ ಕೊಟ್ಟ ಮಗುವೊಂದನ್ನು ಬಿಟ್ಟು.
ಇಷ್ಟು ಹೇಳೋಕೆ ಸಿಪಾಯಿ ಯಾಕೆ ಬೇಕಿತ್ತು?"

ಕೋಣೆ ನಕ್ಕಿತು. ನಾನು ಕೈಯಲ್ಲಿದ್ದ ಟಿಪ್ಪಣಿ ಮಡಚಿದೆ.
"ಆ ಬೋಳು ಕೊಂಬೆ ಯಾವಾಗಿಂದು?"
ಜನವರಿ ಎಂದೆ.
"ಶಾಲೆ ತೆರೆಯೋ ತಿಂಗಳು. ಇನ್ನೂರು ಲಂಗ ಬಾಕಿ.
ರಕ್ತ ಕೊಡೋಕೆ ಯಾರಿಗಿತ್ತು ಪುರುಸೊತ್ತು?"

ಈಗ ಆಕೆಗೆ ಮಾತ್ರೆ ಇದೆ, ರಾತ್ರಿಗೊಂದು.
ವೈರಸ್ ಎಣಿಕೆಗೆ ಸಿಗದಷ್ಟು ಕಮ್ಮಿ.
ಆ ಪ್ರತಿಕಾಯ ಬೇರೊಂದು ದೇಶದಲ್ಲಿ
ಉಕ್ಕಿನ ತೊಟ್ಟಿಗಳಲ್ಲಿ ತಯಾರಾಗಲಿದೆ
ಎಂಬುದನ್ನೂ ಹೇಳಬೇಕಿತ್ತು; ಒಪ್ಪಿಗೆಪತ್ರದ ಆರನೇ ಪುಟ.
ಹೇಳಿದೆ.
"ಯಾರಿಗೆ ಸರಿಹೊಂದುತ್ತೋ ತೊಡಲಿ," ಎಂದಳು.
ಆಮೇಲೆ, "ಬಾಟಲಿಗೆ ಎಷ್ಟು ರ್‍ಯಾಂಡ್?"
ನನಗೆ ಗೊತ್ತಿರಲಿಲ್ಲ.

ಹೊರಡುವಾಗ ಮರದ ಮುದ್ರಿತ ಪ್ರತಿ ಕೇಳಿ ಪಡೆದಳು,
ದೊಡ್ಡ ಹಾಳೆ, ದಪ್ಪ ಕಾಗದ.
ಬೆರಳಲ್ಲಿ ಉಜ್ಜಿ, ಮಗುಚಿ ನೋಡಿ,
"ಹಿಂದೆ ಖಾಲಿ ಇದೆ. ಕಾಲರ್ ಗುರುತು ಹಾಕೋಕೆ ಆಯ್ತು."

ಟ್ಯಾಕ್ಸಿ ಹಾರ್ನ್ ಬಾರಿಸುತ್ತಿತ್ತು.
ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು,
ಟೇಪಿಲ್ಲದೆ ನನ್ನನ್ನು ಅಡ್ಡ, ಉದ್ದ ಅಳೆದಳು.
"ನಿನ್ನ ಎಡಭುಜ ಒಂದು ಬೆರಳು ಇಳಿದಿದೆ ಕಣಪ್ಪ.
ಆ ಕುರ್ಚಿ ಬದಲಾಯಿಸು."